ಓ ಅನ್ನಾಕ ಏನ ಧಾಡಿ

ಹೇಸಿಗಿ ಅನ್ನೂ ಮಾತು ನಾ ಸುಮ್ಮಸುಮ್ಮನ ಆಡಾಕಿ ಅಲ್ಲ. ಇಪ್ಪತ್ತೆರಡು ವರ್ಷ ಆತು, ಬೆಳಗಾವ್ಯಾಗ ಒಂದು ಹಲ್ಲಿನ ದವಾಖಾನ್ಯಾಗ ಡಾಕ್ಟರ್ ಮೇಡಮ್ಮರ ಬಾಜು ನಿಂತು, ಮಂದಿ ಬಾಯಾಗಿನ ಉಗುಳು ಎಳಿಯೂ ನಳಿಗಿ ಹಿಡಿಯೂದು ನನ್ನ ಕೆಲಸ. ಕೀವು, ರಕ್ತಾ, ಗುಟಕಾ ತಿಂದು ಕರ್ರಗಾದ ವಸಡು, ಎಲ್ಲಾ ನೋಡಿ, ಕೈ ತೊಳಕೊಂಡು, ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯಾ ತಿಂತೀನಿ. ಅಂಥಾಕಿಗೆ ಹೋದ ವರ್ಷ ಮಳಿಗಾಲದಾಗ ಒಂದು ಕೊರಿಯಾದ ಸೀರಿಯಲ್ಲು ನೋಡಿ ಹೊಟ್ಟಿ ತೊಳಿಸಿತು. ಉಣಾಕ ಕುಂತ ತಾಟು ದೂಡಿ ಎದ್ದು ಹೋದ್ನಿ.

ಸೀರಿಯಲ್ಲು ಹಚ್ಚಿದಾಕಿ ನನ್ನ ಮಗಳು. ಗಂಡ ತೀರಿಕೊಂಡು ಒಂಬತ್ತು ವರ್ಷ ಆತು. ಶಿವಬಸವ ನಗರದ ಎರಡು ಖೋಲಿ ಬಾಡಿಗಿ ಮನ್ಯಾಗ ನಾನು, ಆಕಿ ಇಬ್ಬರ. ಆಕಿಗೆ ಇಪ್ಪತ್ತೊಂದು. ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷಾದ ಕ್ಲಾಸಿಗೆ ಹೊಂಟಿದ್ಳು, ಹೊಂಟಾಳ ಅಂತ ನಾ ತಿಳಕೊಂಡಿದ್ನಿ. ಒಂದಿನ ಕ್ಲಾಸಿನ ಸರ್ ಫೋನ್ ಮಾಡಿ, "ಬಾಯಾರ, ನಿಮ್ಮ ಮಗಳು ಎರಡು ತಿಂಗಳಾತು ಈ ಕಡೆ ಹಾದಿಲ್ಲಲ್ರೀ, ಆರಾಮ ಅದಾಳಲ್ಲ?" ಅಂತ ಕೇಳಿದ್ರು. ನಾ ಮನಿಗೆ ಬಂದು ನೋಡಿದ್ರ ಆಕಿ ಕಿವಿಗೆ ವೈರ್ ಸಿಗಿಸಿಕೊಂಡು, ಗ್ವಾಡಿ ಕಡೆ ಮಾರಿ ಮಾಡಿ, ಏನೇನೋ ಬಡಬಡಿಸಾಕತ್ತಿದ್ಳು. ಕೊರಿಯನ್ ಭಾಷಾ ಅಂತ! ಎರಡು ತಿಂಗಳಿಂದ ಕ್ಲಾಸಿನ ಹೊತ್ತಿನ್ಯಾಗ ಲೈಬ್ರರ್ಯಾಗ ಕುಂತು ಮೊಬೈಲಿನ್ಯಾಗ ಅದನ್ನ ಕಲೀತಿದ್ಳಂತ. ಅದರ ಪರೀಕ್ಷಾ ಬರದು ಸೀರಿಯಲ್ಲಿನ ಮಾತು ಕನ್ನಡಕ್ಕ ಇಳಿಸೂ ಕೆಲಸಾ ಹಿಡೀತೀನಿ ಅಂದ್ಳು.

"ಕೊರಿಯನ್ ಕಲ್ತಾಕಿಗೆ ಎಲ್ಲೆ ನೌಕರಿ ಇಟ್ಟಾರ? ಹಿಂಡಲಗಾ ಜೇಲಿನ್ಯಾಗ ಕೇಳಿ ನೋಡ ಹೋಗ, ಕೊರಿಯಾದ ಕಳ್ಳ ಯಾರರ ಬಂದಿದ್ರ ಬೇಕಾಗ್ತಿ," ಅಂದ್ನಿ. ಇನ್ನೂ ಭಾಳ ಅಂದ್ನಿ, ಅದನ್ನೆಲ್ಲಾ ಇಲ್ಲೆ ಬರಿಯಾಕ ನನಗ ನಾಚಿಕಿ ಬರತೈತಿ. ಆಕಿ ಸುಳ್ಳು ಹೇಳಿದ್ದಕ್ಕ ತಪ್ಪಾತು ಅಂದ್ಳು, ಭಾಷಾ ಕಲಿಯೂದು ಮಾತ್ರ ಬಿಡೂದಿಲ್ಲ ಅಂದ್ಳು. ಕಡೀಕ ನಾ, "ಇವತ್ತಿನಿಂದ ನಿನ್ನ ಕೂಡ ನನ್ನ ಮಾತಿಲ್ಲ," ಅಂತ ಹೇಳಿ ಅಡಗಿ ಮನಿಗೆ ಹೋದ್ನಿ.

ನಮ್ಮ ಕಡೆ ಮಾತು ಬಿಡೂದಕ್ಕ ಯಾರೂ ತಪ್ಪು ಅನ್ನೂದಿಲ್ಲ. "ಅವರಿಬ್ಬರದು ಮಾತಿಲ್ಲ" ಅಂತಾರ, ಅವರ ಮನ್ಯಾಗ ಫ್ಯಾನಿಲ್ಲ ಅಂದಷ್ಟು ಸಾದಾ. ಬೈಯೂದಕ್ಕಿಂತ, ಹೊಡಿಯೂದಕ್ಕಿಂತ ಮರ್ಯಾದಿ ಕೆಲಸ ಅಂತ ನಾನೂ ನಂಬಿದ್ನಿ. ಮಗಳು ಮಾತ್ರ ಮಾತು ಬಿಡಲಿಲ್ಲ. ಮುಂಜಾನೆ "ಮಮ್ಮಿ, ಚಾ" ಅಂತಿದ್ಳು. ಸಂಜೀಕ "ಮಮ್ಮಿ, ಮಳಿ ಬರಾಕತ್ತಿತ್ತು, ಅರಿವಿ ಒಳಗ ತಂದೀನಿ" ಅಂತಿದ್ಳು. ನಾ ಗ್ವಾಡಿ ನೋಡ್ತಿದ್ನಿ. ಏನರ ತೀರಾ ಹೇಳಬೇಕಾದ್ರ ಚೀಟಿ ಬರದು ಫ್ರಿಜ್ಜಿಗೆ ಅಂಟಸ್ತಿದ್ನಿ. "ಗ್ಯಾಸ್ ಬರತೈತಿ. ಮನ್ಯಾಗ ಇರಬೇಕು." ಹಿಂಗ, ಕೆಳಗ ಸಹಿ ಇಲ್ಲ, ಮ್ಯಾಲ ಹೆಸರಿಲ್ಲ.

ಹದಿನೈದು ದಿನ ಹಿಂಗ ನಡದಿತ್ತು. ಆವಾಗ ಖಾನಾಪುರದಿಂದ ನಮ್ಮವ್ವ ಬಂದ್ಳು. ಅಲ್ಲೆ ನನ್ನ ತಮ್ಮನ ಕೂಡ ಇರತಾಳ. ಬಾಯಾಗ ಉಳದಿದ್ದ ನಾಕು ಹಲ್ಲು ಬ್ಯಾಸಿಗ್ಯಾಗ ಕೀಳಿಸಿದ್ನಿ. ಈಗ ಅಳತಿ ಕೊಟ್ಟು, ಅಚ್ಚು ತಗಿಸಿ, ಹೊಸಾ ಹಲ್ಲಿನ ಸೆಟ್ಟು ಕೂಡಸೂದಿತ್ತು. ಎರಡು ಮೂರು ವಾರದ ಕೆಲಸ. ಅವ್ವ ಬಂದದ್ದು ನನಗ ಎಷ್ಟು ಹಗುರಾತು ಅಂದ್ರ, ಆ ದಿನಾನ ಶುರು ಮಾಡಿದ್ನಿ: "ಅವ್ವಾ, ಹೇಳ ಆಕಿಗೆ, ಹಾಲು ಕಾಸು ಅಂತ." "ಅವ್ವಾ, ಕೇಳ ಆಕಿಗೆ, ಉಂಡಾಳೇನು ಅಂತ." ಮಗಳು ಎದುರಿಗೇ ಇರತಿದ್ಳು. ಅವ್ವ ಒಮ್ಮೆ ನನ್ನ ಮಾರಿ ನೋಡಿ, ಬೊಚ್ಚು ಬಾಯಾಗ ಏನೋ ನುಂಗಿಕೊಂಡು, ಹೇಳ್ತಿದ್ಳು. ಮಗಳು ನನ್ನ ಕಡೆನ ನೋಡಿ, "ಉಂಡೀನಿ ಮಮ್ಮಿ," ಅಂತಿದ್ಳು.

ಸಂಜೀಕ ನಾ ದವಾಖಾನಿಯಿಂದ ಬರೂದ್ರಾಗ ಅಜ್ಜಿ ಮೊಮ್ಮಗಳು ಟೀವಿ ಮುಂದ ಕುಂತಿರತಿದ್ರು. ಹದಿನಾರು ಕಂತಿನ ಸೀರಿಯಲ್ಲು, ದಿನಕ್ಕ ಒಂದು. ಮಾತು ಕೊರಿಯನ್, ಕೆಳಗ ಇಂಗ್ಲೀಷಿನ ಸಾಲು. ಅವ್ವಗ ಎರಡೂ ಬರೂದಿಲ್ಲ, ಅದಕ್ಕ ಮಗಳು ಬಾಯಿಲೆ ಕನ್ನಡ ಮಾಡಿ ಹೇಳ್ತಿದ್ಳು. ನಾ ಅಡಗಿ ಮನಿ ಬಾಗಲದಾಗ ನಿಂತು, ನೋಡಲಾರದಂಗ ಮಾಡಿ ನೋಡ್ತಿದ್ನಿ.

ಕತಿ ಇಷ್ಟ. ಒಬ್ಬ ಪ್ರೊಫೆಸರ್, ದೊಡ್ಡ ಕಾಲೇಜಿನ್ಯಾಗ ಮನಸ್ಸಿನ ರೋಗದ ಪಾಠ ಮಾಡಾಂವ. ಹೇಣ್ತಿ ಮನಿ ಬಿಟ್ಟು ಹೋಗ್ಯಾಳ, ಒಬ್ಬಾಕಿ ಮಗಳದಾಳ. ಅಂವ ಕೈ ಎತ್ತೂದಿಲ್ಲ, ದನಿ ಎತ್ತೂದಿಲ್ಲ. ಹುಡುಗಿ ಏನರ ತಪ್ಪು ಮಾಡಿದ್ರ ಊಟದ ಟೇಬಲ್ಲಿನ ಮ್ಯಾಲ ಆಕಿ ಬಟ್ಟಲಾ ಬೋರಲ ಹಾಕ್ತಾನ. ಅಷ್ಟ. ಬಟ್ಟಲಾ ನೆಟ್ಟಗ ಆಗೂತನಾ ಆಕಿ ಆ ಮನ್ಯಾಗ ಇಲ್ಲ ಅಂದಂಗ. ಆಕಿ ಎದುರಿಗೇ ಸಾಕಿದ ನಾಯಿ ಕೂಡ ಮಾತಾಡ್ತಾನ, ಗಿಡಾ ಕೂಡ ಮಾತಾಡ್ತಾನ. ಹೊರಗ ಮಂದಿಗೆ ಮಾತ್ರ, "ಮಕ್ಕಳ ಮಾತು ಕಿವಿಗೊಟ್ಟು ಕೇಳಬೇಕು" ಅಂತ ಭಾಷಣಾ ಬಿಗೀತಾನ. ಥೂ ಅವನ ಹೆಣಾ ಎತ್ತಲಿ!

ದವಾಖಾನ್ಯಾಗ ನಮ್ಮ ಮೇಡಮ್ಮರೂ ಅದನ್ನ ನೋಡ್ತಿದ್ರು. "ಏನ ಆ್ಯಕ್ಟಿಂಗ್ ರೀ ಆ ಅಪ್ಪಂದು! ಕಣ್ಣಾಗ ಮಾತಾಡ್ತಾನ," ಅಂತ ರೋಗಿ ಬಾಯಾಗ ಕೈ ಇಟ್ಟುಕೊಂಡ ಹೊಗಳ್ತಿದ್ರು. ನನಗ ಮೈ ಪರಚಿಕೊಳ್ಳೂಹಂಗ ಆಗ್ತಿತ್ತು. ಏನು ಹೊಗಳೂದು? ಆ ನಟಗ ಕೆಲಸಾ ಬರತೈತಿ, ಖರೇ. ನಾ ಬಾಯಿ ನೋಡಿ ಮನಿಷಾರ್ನ ಹೇಳಾಕಿ. ಅಂವ ಸಿಟ್ಟು ನುಂಗೂ ಹೊತ್ತಿನ್ಯಾಗ ಹುಬ್ಬು ಅಲುಗಾಡಸ್ತಿದ್ದಿಲ್ಲ, ತುಟಿ ಬಿಗೀತಿದ್ದಿಲ್ಲ. ಕಿವಿ ಕೆಳಗ, ದವಡಿ ಮೂಲ್ಯಾಗ ಒಂದು ಗಂಟು ಏಳ್ತಿತ್ತು, ಇಳೀತಿತ್ತು. ಒಳಗ ಹಲ್ಲು ಕಡ್ಯಾಕತ್ತಾನ ಅಂತ ನನಗ ಗೊತ್ತಾಗ್ತಿತ್ತು. ಅದನ್ನ ಯಾರ ಕಲಿಸ್ತಾರ? ಅಂಥಾ ಮನ್ಯಾಗ ಬೆಳದಾಂವಗ ಮಾತ್ರ ಗೊತ್ತಿರತೈತಿ ಅನ್ನಿಸಿತು. ಮಗಳ ಪಾತ್ರದಾಕಿ ಮಾತ್ರ ಬರೇ ಗೊಂಬಿ. ತಾಸುಗಟ್ಟಲೆ ಅತ್ರೂ ಮೂಗಿನ್ಯಾಗ ಒಂದು ಹನಿ ಸಿಂಬಳಿಲ್ಲ! ತುಟಿ ಬಣ್ಣ ಹಂಗ ಐತಿ! ಖರೇ ಅಳೂ ಮಂದಿನ್ನ ದಿನಾ ನೋಡೂ ನನಗ ಅದನ್ನ ಕಂಡು ಇನ್ನೊಂದು ನಮೂನಿ ಹೇಸಿಗಿ ಬರತಿತ್ತು.

ನಮ್ಮಪ್ಪ ಬಟ್ಟಲಾ ಬೋರಲ ಹಾಕ್ತಿದ್ದಿಲ್ಲ. ಖಾನಾಪುರದಾಗ ಹಂಚಿನ ಕಾರ್ಖಾನ್ಯಾಗ ಕೆಲಸಾ ಮಾಡಾಂವ, ಕೆಂಪು ಮಣ್ಣಿನ ಕೈ, ಹೊರಗ ಮಂದಿ ಕೂಡ ಮರಾಠ್ಯಾಗ ನಗಿಚಾಟಿಕಿ ಮಾಡಾಂವ. ನಾ ಸಾಲ್ಯಾಗ ಮೂರನೇತ್ತಾ ಇದ್ದಾಗ ಅವ್ವ ಒಂದಿನ ದೇಸೂರಿಗೆ ತಂಗಿ ಮಗನ ತೊಟ್ಟಿಲ ಕಾರ್ಯಕ್ಕ ಹೋಗಿ ಬಂದ್ಳು. ಅಪ್ಪ ಮನ್ಯಾಗ ಇದ್ದಿಲ್ಲ, ಕೇಳಲಾರದ ಹೋಗಿದ್ಳು. ಮುಂಜಾನೆ ಗಾಡಿಗೆ ಹೋಗಿ ಸಂಜಿ ಗಾಡಿಗೆ ಬಂದ್ಳು. ಅವತ್ತ ಅಪ್ಪ ಆಕಿ ಕೂಡ ಮಾತು ಬಿಟ್ಟ. "ಹೇಳ ನಿಮ್ಮವ್ವಗ, ನೀರು ಕಾಯಲಿಲ್ಲ ಅಂತ." "ಕೇಳ ನಿಮ್ಮವ್ವಗ, ನನ್ನ ಧೋತರ ಎಲ್ಲೆ ಇಟ್ಟಾಳ ಅಂತ." ಅವ್ವ ಎರಡು ಮಾರು ದೂರದಾಗ ನಿಂತಿರತಿದ್ಳು. ನಾ ಓಡಿ ಹೋಗಿ ಹೇಳ್ತಿದ್ನಿ. ಹಿಂಗ ಹನ್ನೊಂದು ವರ್ಷ, ನನ್ನ ಮದವಿ ಆಗೂತನಾ. ಸಾಲ್ಯಾಗ ನಾ ಭಾಳ ಶ್ಯಾಣ್ಯಾಕಿ ಅನಿಸಿಕೊಂಡಿದ್ನಿ, ಯಾಕಂದ್ರ ಒಬ್ಬರು ಹೇಳಿದ ಮಾತು ಅಕ್ಷರ ಬಿಡಲಾರದಂಗ ಇನ್ನೊಬ್ಬರಿಗೆ ಒಪ್ಪಿಸೂದು ನನಗ ಛಲೋ ಬರತಿತ್ತು.

ನಾ ತಾಟು ದೂಡಿ ಎದ್ದದ್ದು ಒಂಬತ್ತನೇ ಕಂತಿನ ದಿನ. ಆ ಹುಡುಗಿ ಪಾವಟಿಗಿ ಮ್ಯಾಲಿಂದ ಬಿದ್ದು ಮಣಿಕಟ್ಟು ಹಿಡಕೊಂಡು ಕುಂತಾಳ. ಅಪ್ಪ ಮುಂದ ಕುರ್ಚಿ ಮ್ಯಾಲ ಕುಂತು ಯಾವುದೋ ಹಣ್ಣಿನ ಸಿಪ್ಪಿ ಸುಲ್ಯಾಕತ್ತಾನ, ಸಿಪ್ಪಿ ಹರಿಯಬಾರದಂಗ, ಉದ್ದಕ. ಆಕಿ ಸಣ್ಣ ದನ್ಯಾಗ "ಅಪಾ" ಅಂದ್ಳು. ಅಂವ ಒಮ್ಮೆ ನೋಡಿದ. ಸಿಪ್ಪಿ ಸುಲಿಯೂದು ಬಿಡಲಿಲ್ಲ. "ಅಪಾ, ಅಪಾ," ಅಂದ್ಳು.

ನಮ್ಮವ್ವಗ ತಡಕೊಳ್ಳಾಕ ಆಗಲಿಲ್ಲ. "ಆಗಿಂದ ಅಪ್ಪಾ ಅಪ್ಪಾ ಅಂತ ಕರ್ಯಾಕತ್ತೈತಿ ಆ ಕೂಸು. ಓ ಅನ್ನಾಕ ಏನ ಧಾಡಿ ಅವಂಗ?" ಅಂತ ಟೀವಿಗೆ ಬೈದ್ಳು.

ಮಗಳು ನಕ್ಕಳು. "ಅಜ್ಜಿ, ಅದು ಅಪ್ಪಾ ಅಲ್ಲ. ಅವರ ಭಾಷಾದಾಗ ಅಪ್ಪಗ ಅಪ್ಪಾ ಅಂತನ ಅಂತಾರ, ಖರೇ. ಆದ್ರ ಈಗ ಆಕಿ ಅಂದದ್ದು ಬ್ಯಾರೆ. ಅಪಾ ಅಂದ್ರ ನೂಸತೈತಿ ಅಂತ."

"ಹೌದ? ಹಂಗಂದ್ರ ನಮ್ಮಂಗ ಆತು. ನಾವೂ ನೋವಾದ್ರ ಯಪ್ಪಾ, ಯವ್ವಾ ಅಂತೀವಲ್ಲ," ಅಂದ್ಳು ಅವ್ವ. ಆಮ್ಯಾಲ ಒಂದೀಟು ವಿಚಾರ ಮಾಡಿ, "ಎರಡೂ ಒಂದ ಬಿಡ. ಓ ಅನ್ನಾಕ ಏನ ಧಾಡಿ?" ಅಂದ್ಳು.

ನಾ ಬಾಗಲದಾಗ ತಾಟು ಹಿಡಕೊಂಡು ಕುಂತಾಕಿ, ಆ ಸಿಪ್ಪಿ ನೆಲಕ್ಕ ಬೀಳೂದು ನೋಡಿ, ತುತ್ತು ನುಂಗಾಕ ಆಗಲಾರದ ಎದ್ನಿ. "ಹಲ್ಕಟ್ಟ ಮನಿಷಾ! ಹೆತ್ತ ಮಗಳು ನರಳಾಕತ್ರ ಹಣ್ಣು ತಿಂತಾನಂತ, ಹಣ್ಣು! ಇಂಥಾದ್ದು ಬರದಾಂವಗರ ನಾಚಿಕಿ ಬ್ಯಾಡ?" ಅಂತ ಗಟ್ಟಿಯಾಗಿ ಅಂದ್ನಿ. ಅವ್ವಗ ಹೇಳಿದಂಗ ಅಂದ್ನಿ. ಮಗಳು ತಿರುಗಿ ನನ್ನ ನೋಡಿದ್ಳು.

ಮರುದಿನ ಅವ್ವನ್ನ ದವಾಖಾನಿಗೆ ಕರಕೊಂಡು ಹೋಗಿ ಮೇಣದ ಹಲ್ಲು ಕೂಡಿಸಿ ನೋಡಿದ್ವಿ. ರಿಕ್ಷಾದಾಗ ತಿರುಗಿ ಬರೂವಾಗ ಅವ್ವ ಹೇಳಿದ್ಳು, "ಮುಂದಿನ ಐತವಾರ ಹಲ್ಲು ಹಾಕ್ಕೊಂಡು ಊರಿಗೆ ಹೋಗ್ತೀನಿ. ನಿನ್ನ ಮಗಳೂ ನನ್ನ ಕೂಡ ಬರ್ತೀನಿ ಅನ್ನಾಕತ್ತಾಳ. ಅಲ್ಲೇ ಇದ್ದು ಕಲೀತಾಳಂತ. ನೀ ಮಾತಾಡಿದ್ರ ನಿಲ್ಲತಾಳ, ಇಲ್ಲಾಂದ್ರ ಇಲ್ಲ. ಹಂಗಂತ ಆಕೀನ ಅಂದ್ಳು."

ಐತವಾರದೊಳಗ ಮಾತಾಡಬೇಕು ಅಂತ ಮನಸ್ಸಿನ್ಯಾಗ ಗಟ್ಟಿ ಮಾಡಿದ್ನಿ. ಸುಮ್ಮನ ಒಂದು ಮಾತು, "ಚಾ ಕುಡದಿ?" ಅಂದ್ರ ಸಾಕಿತ್ತು. ಸ್ವಾಮಾರ ಆತು, ಮಂಗಳವಾರ ಆತು. ಬಾಯಿ ತನಾ ಬಂದದ್ದು ತಿರುಗಿ ಹೋಗ್ತಿತ್ತು. ನಾನ ಯಾಕ ಮೊದಲ ಸೋಲಬೇಕು ಅನ್ನೂ ಸೊಕ್ಕು. ಕಿವಿ ಕೆಳಗ ನೋವು ಶುರು ಆತು, ಮೇಡಮ್ಮರು ಬೆರಳಿಟ್ಟು ನೋಡಿ, "ಏನ್ರಿ, ನಿದ್ದ್ಯಾಗ ಹಲ್ಲು ಕಡ್ಯಾಕತ್ತೀರೇನು?" ಅಂದ್ರು. ಇಲ್ಲ ಬಿಡ್ರಿ ಅಂದ್ನಿ.

ಬುಧವಾರ ಸಂಜೀಕ ಮಗಳು ಹೊರಗಿನ ಖೋಲ್ಯಾಗ ಊರಿಗೆ ಒಯ್ಯೂ ಅರಿವಿಗೆ ಇಸ್ತ್ರಿ ಮಾಡಾಕತ್ತಿದ್ಳು. ನಾ ಅಲ್ಲೇ, ಎರಡು ಹೆಜ್ಜಿ ಆಚೆ, ಮೆಂತೆ ಪಲ್ಯಾ ಸೋಸ್ಕೋತ ಕುಂತಿದ್ನಿ. ಒಮ್ಮಿಂದೊಮ್ಮೆಲೆ, "ಯವ್ವಾ!" ಅಂತ ಚೀರಿದ್ಳು. ಇಸ್ತ್ರಿ ಪೆಟ್ಟಿಗಿ ಕೈ ಮ್ಯಾಲ ಉರುಳಿತ್ತು. "ಯವ್ವಾ... ಯವ್ವಾ..."

ನಾ ಏಳಲಿಲ್ಲ.

ಯಾಕ ಏಳಲಿಲ್ಲ ಅಂತ ಆಮ್ಯಾಲ ಎಷ್ಟು ಸಲ ಕೇಳಿಕೊಂಡೀನಿ. ಆ ಹೊತ್ತಿನ್ಯಾಗ ನನ್ನ ತಲ್ಯಾಗ ಬಂದದ್ದು ಇಷ್ಟ: ಇದು ನನ್ನ ಕರದದ್ದಲ್ಲ. ಹುಟ್ಟಿದಾಗಿಂದ ಆಕಿ ನನಗ ಮಮ್ಮಿ ಅಂತಾಳ, ಒಂದಿನಾ ಅವ್ವಾ ಅಂದಾಕಿ ಅಲ್ಲ. ಯವ್ವಾ ಅನ್ನೂದು ನೋವಾದಾಗ ಎಲ್ಲಾರ ಬಾಯಾಗೂ ಬರೂ ಮಾತು. ನಮ್ಮ ದವಾಖಾನಿ ಕುರ್ಚ್ಯಾಗ ಕುಂತ ಅರವತ್ತು ವರ್ಷದ ಗೌಡರೂ ಯವ್ವಾ ಅಂತಾರ, ಅವರವ್ವ ಎದ್ದು ಬರತಾಳೇನು? ಮಮ್ಮಿ ಅಂದಿದ್ರ ಹೋಗ್ತಿದ್ನಿ. ಹಿಂಗ ಕಾಯಿದೆ ಮಾತಾಡಿಕೋತ, ದಂಟು ಒಂದು ಕಡೆ, ಎಲಿ ಒಂದು ಕಡೆ ಮಾಡ್ಕೋತ ಕುಂತ್ನಿ. ಪಲ್ಯಾ ಸೋಸೂದು ಬಿಡಲಿಲ್ಲ.

ಒಳಗ ಅಡ್ಡಾಗಿದ್ದ ಅವ್ವ ಸೆರಗು ಎಳಕೋತ ಓಡಿ ಬಂದ್ಳು. ಮೊಮ್ಮಗಳ ಕೈ ಹಿಡದು ನಳದ ಕೆಳಗ ಇಟ್ಟಳು. ಬೆರಳಿನ ಬುಡದಿಂದ ಮಣಿಕಟ್ಟಿನ ತನಾ ತೊಗಲು ಬೆಳ್ಳಗ ಸುಲದಿತ್ತು. ಅವ್ವ ನೀರು ಬಿಟ್ಟುಕೋತ ಅಲ್ಲಿಂದಾನ ನನ್ನ ಕಡೆ ತಿರುಗಿ, "ಓ ಅನ್ನಾಕ ಏನ ಧಾಡಿ ನಿನಗ?" ಅಂದ್ಳು.

"ನನ್ನ ಕರದಿದ್ದಿಲ್ಲ ಆಕಿ," ಅಂದ್ನಿ.

ಅಂದ ಮ್ಯಾಲ ನನ್ನ ದನಿ ನನಗ ಕೇಳಿತು. ಕೈಯಾಗಿನ ಮೆಂತೆ ದಂಟು ನೋಡಿದ್ನಿ. ಒಂಬತ್ತನೇ ಕಂತಿನ ಆ ಹಣ್ಣಿನ ಸಿಪ್ಪಿ ನೆನಪಾತು. ಬಚ್ಚಲಕ್ಕ ಹೋಗಿ ವಾಂತಿ ಮಾಡಿಕೊಂಡ್ನಿ. ಇಪ್ಪತ್ತೆರಡು ವರ್ಷ ಕೀವು ರಕ್ತ ನೋಡಿ ಬರಲಾರದ ವಾಂತಿ. ತಿರುಗಿ ಬರೂದ್ರಾಗ ಅವ್ವ ಮುಲಾಮು ಹಚ್ಚಿ, ಮಗಳನ್ನ ಒಳಗ ಮಲಗಿಸಿದ್ಳು.

ಅವತ್ತ ಅವ್ವ ನನಗ ಒಂದು ಮಾತು ಹೇಳಿದ್ಳು, ಮೊದಲೆಂದೂ ಹೇಳಲಾರದ್ದು. "ನಿನ್ನ ಮದವಿ ಆಗಿ ನೀ ಗಂಡನ ಮನಿಗೆ ಹೋದ ಮ್ಯಾಲ ನಿಮ್ಮಪ್ಪಗ ಹೇಳಿ ಕಳಸಾಕ ಯಾರೂ ಉಳೀಲಿಲ್ಲ. ನಿನ್ನ ತಮ್ಮ ಮಾತು ಕೇಳೂ ಹುಡುಗ ಅಲ್ಲ. ನಾಕನೇ ದಿನ ಉಣಾಕ ಕುಂತಾಂವ ನನ್ನ ಮಾರಿ ನೋಡಿ, 'ಉಪ್ಪು ಕಡಿಮಿ ಆಗೇತಿ' ಅಂದ. ಹನ್ನೊಂದು ವರ್ಷದ ಮ್ಯಾಲ! ಮಾತಾಡಲಿ ಅಂತ ಕಂಡ ದೇವರಿಗೆಲ್ಲಾ ಕೈ ಮುಗದಿದ್ದೆ. ಮಾತಾಡಿದ ದಿನ ಸಂತೋಷ ಆಗತೈತಿ ಅಂತ ಮಾಡಿದ್ದೆ. ಹೇಸಿಗಿ ಬಂತು ನೋಡ. ಉಪ್ಪಿನ ಡಬ್ಬಿ ಮುಂದ ಕುಕ್ಕಿದೆ. ಆಮ್ಯಾಲ ಅಂವ ಸಾಯೂತನಾ ದಿನಾ ಮಾತಾಡಿದ. ನನಗೇನೂ ಅನಿಸಲಿಲ್ಲ. ಹೊತ್ತು ದಾಟಿತ್ತು."

ನಾ ಎದ್ದು ಒಳಗ ಹೋಗಿ ಮಗಳ ಹಾಸಿಗಿ ಬಾಜು ನಿಂತ್ನಿ. ಆಕಿ ಕಣ್ಣು ಮುಚ್ಚಿಕೊಂಡಿದ್ಳು, ನಿದ್ದಿ ಹತ್ತಿದ್ದಿಲ್ಲ ಅಂತ ಉಸಿರಿನ ಮ್ಯಾಲ ಗೊತ್ತಾಗ್ತಿತ್ತು. ನಿಂತ್ನಿ, ಬಂದ್ನಿ.

ಅವತ್ತಿನಿಂದ ಆಕಿ "ಮಮ್ಮಿ, ಚಾ" ಅನ್ನೂದು ನಿಂತಿತು. ಚಾದ ಕಪ್ಪು ಅಡಗಿ ಕಟ್ಟಿ ಮ್ಯಾಲ ಇರತಿತ್ತು, ನನಗ ಅಂತ ಹೇಳೂ ಮಂದಿ ಇದ್ದಿಲ್ಲ.

ಶನಿವಾರ ಹದಿನಾರನೇ ಕಂತು. ನಾ ಈ ಸಲ ಬಾಗಲದಾಗ ನಿಲ್ಲಲಿಲ್ಲ, ಅವ್ವನ ಬಾಜು ಬಂದು ಕುಂತ್ನಿ. ಖರೇ ಹೇಳಬೇಕಂದ್ರ ನನಗ ಆಸೆ ಇತ್ತು. ಆ ಹುಡುಗಿ ಅಪ್ಪನ್ನ ಹೆಂಗರ ಒಪ್ಪಿಕೊಂಡ್ರ ನೋಡೂಣು ಅಂತ. ಒಪ್ಪಿಕೊಂಡ್ಳು! ಪ್ರೊಫೆಸರ್ ಮಳ್ಯಾಗ ಮೊಣಕಾಲೂರಿ ಅತ್ತ. ಆಕಿ ತಾ ಬೋರಲ ಹಾಕಿದ್ದ ಅವನ ಬಟ್ಟಲಾ ನೆಟ್ಟಗ ಮಾಡಿ ಅನ್ನಾ ಬಡಿಸಿದ್ಳು. ಪಿಟೀಲು ಬಾರಸಾಕ ಹತ್ತಿದ್ರು. ಎಂಥಾ ಹೊಲಸು ಸುಳ್ಳು! ನನಗ ಬೇಕಾದ್ದು ಅದ ಆಗಿತ್ತು, ಆದ್ರೂ ಮೈ ಮ್ಯಾಲ ಯಾರೋ ಎಣ್ಣಿ ಕೈ ಒರಿಸಿದಂಗ ಆತು.

ಮಗಳು ಕಂತು ಮುಗಿಯೂಕಿಂತ ಮೊದಲ ಟೀವಿ ಬಂದ್ ಮಾಡಿದ್ಳು. "ಆ್ಯಕ್ಟಿಂಗ್ ಛಲೋ ಮಾಡ್ಯಾರ ಅಜ್ಜಿ. ಕತಿ ಸುಳ್ಳು," ಅಂದ್ಳು.

ಐತವಾರ ಮೇಡಮ್ಮರು ನಮ್ಮವ್ವನ ಸಲುವಾಗಿ ಮುಂಜಾನೆ ಲಗೂ ಬಂದು ಹಲ್ಲಿನ ಸೆಟ್ಟು ಕೂಡಿಸಿ ಕೊಟ್ರು. ಅಲ್ಲಿಂದ ಮೂವರೂ ಸ್ಟೇಷನ್ನಿಗೆ ಹೋದ್ವಿ. ಅವ್ವ ಹೊಸಾ ಹಲ್ಲಿನ್ಯಾಗ ಕಟಕಟ ಅನಿಸಿಕೋತ, "ದೇಸೂರ ಬಂದಾಗ ನನ್ನ ಮಾತಾಡಸಬ್ಯಾಡ, ನಾ ಆ ಕಡೆ ನೋಡೂದಿಲ್ಲ," ಅಂತ ಮೊಮ್ಮಗಳಿಗೆ ಹೇಳ್ತಿದ್ಳು. ಅದು ಆ ತೊಟ್ಟಿಲ ಕಾರ್ಯದಿಂದಾನ ಬಂದ ಆಕಿ ಹಳೇ ರೂಢಿ. ಮಗಳ ಕೈಗೆ ಬಿಳಿ ಪಟ್ಟಿ ಇತ್ತು. ಬ್ಯಾಗು ನಾ ಹಿಡಕೋತೀನಿ ಅಂತ ಕೈ ಚಾಚಿದ್ನಿ. ಆಕಿ ಅದನ್ನ ಇನ್ನೊಂದು ಹೆಗಲಿಗೆ ಬದಲಿ ಮಾಡಿಕೊಂಡ್ಳು.

ಇಬ್ಬರೂ ಹತ್ತಿ ಕುಂತ್ರು. ಅವ್ವ ಕಿಡಕಿ ಬಾಜು, ಮಗಳು ಅವ್ವನ ಬಾಜು. ನಾ ಕೆಳಗ, ಕಿಡಕಿ ಸರಳು ಹಿಡಕೊಂಡು. ಗಾಡಿ ಸಿಳ್ಳಿ ಹಾಕಿತು. ಇನ್ನ ತಡಾ ಮಾಡಿದ್ರ ಆಗೂದಿಲ್ಲ ಅಂತ ಬಾಯಿ ತಗದ್ನಿ. ಹೋಗಬ್ಯಾಡ ಅನ್ನಬೇಕಂತ ತಗದದ್ದು. ಮೂವತ್ತೇಳು ದಿನದ ಮ್ಯಾಲ ನನ್ನ ಮಗಳ ಕಣ್ಣಾಗ ಕಣ್ಣಿಟ್ಟು ನಾ ಅಂದದ್ದು, "ಮುಲಾಮು ಇಟ್ಕೊಂಡಿ?"

ಮಗಳು ನನ್ನ ನೋಡಿದ್ಳು. ಸಿಟ್ಟಿದ್ದಿಲ್ಲ, ಏನೂ ಇದ್ದಿಲ್ಲ. ಆಮ್ಯಾಲ ನಿಧಾನಕ ಅಜ್ಜಿ ಕಡೆ ತಿರುಗಿದ್ಳು.

"ಅಜ್ಜಿ, ಅವರಿಗೆ ಹೇಳ, ಇಟ್ಕೊಂಡೀನಿ ಅಂತ."

ಅವ್ವ ಆಕಿ ಮಾರಿ ನೋಡಿದ್ಳು, ನನ್ನ ಮಾರಿ ನೋಡಿದ್ಳು. ನನಗೂ ಆಕಿಗೂ ನಡುವ ಒಂದು ಮೊಳ ಇತ್ತು. ಗಾಡಿ ಅಲುಗಾಡಿತು. ಅವ್ವ ಸರಳಿಗೆ ಬಾಯಿ ಹಚ್ಚಿ, ಹೊಸಾ ಹಲ್ಲಿನ್ಯಾಗ ತಡವರಿಸಿಕೋತ, "ಇಟ್ಕೊಂಡಾಳಂತ," ಅಂದ್ಳು.

ನಾ ಗಾಡಿ ಕೂಡ ನಾಕು ಹೆಜ್ಜಿ ನಡದ್ನಿ. "ಹಂಗಾದ್ರ ಹೇಳ ಅವ್ವಾ ಆಕಿಗೆ," ಅಂದ್ನಿ, "ದಿನಾ ಎರಡು ಸಲ ಹಚ್ಕೋ ಅಂತ."